ಹಾಸುಗಲ್ಲಿನಲ್ಲಿ ಇಲ್ಲದ ಹುಳು

ಮನ್ನಾರ್ ಕೊಲ್ಲಿಯ ಕ್ರುಸಡೈ ದ್ವೀಪದ ಮರಳಿನಲ್ಲಿ, ಬೆಲನೊಗ್ಲಾಸಸ್ ಬಳಗದ ಹುಳುವೊಂದು ಬಿಲ ತೋಡಿ ಬಾಳುತ್ತದೆ. ಮುಂದೆ ಸೊಂಡಿಲು, ಹಿಂದೆ ಕೊರಳಪಟ್ಟಿ, ಅನಂತರ ನೀಳವಾದ ಮುಂಡ. ಬೆನ್ನ ಮೇಲೆ ಎರಡು ಸಾಲು ಕಿವಿರು ರಂಧ್ರಗಳು. ಮೈ ಎಷ್ಟು ಮೆದುವೆಂದರೆ, ಎತ್ತುವಾಗಲೇ ತುಂಡಾಗುವುದುಂಟು. ಮರಳನ್ನು ನುಂಗಿ, ಅದರೊಳಗಿನ ಆಹಾರವನ್ನು ಹೀರಿ, ಉಳಿದುದನ್ನು ಸುರುಳಿ ಸುರುಳಿಯಾಗಿ ಹೊರಹಾಕುವುದೇ ಅದರ ನಿತ್ಯದ ಕೆಲಸ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಮನೆಗಳ ಹಾಸುಗಲ್ಲೂ ಕಡಲತಳದ ಕೆಸರೇ. ಆದರೆ ಅದರಲ್ಲಿ ಇಂಥ ಸುರುಳಿಯನ್ನು ಅರಸುವುದು ವ್ಯರ್ಥ. ಅದು 54 ಕೋಟಿ ವರ್ಷಗಳಿಗೂ ಹಿಂದಿನದು. ಕೆಸರನ್ನು ಆಳವಾಗಿ ತೋಡಿ ಕಲಕುವ ಹುಳು ಆಗಿನ್ನೂ ಹುಟ್ಟಿರಲಿಲ್ಲ. ಈ ಶಿಲಾಸ್ತರಗಳಲ್ಲಿ ಚುವಾರಿಯ ಎಂಬ ಪುಟ್ಟ ಕಪ್ಪು ಬಿಲ್ಲೆಗಳು ದೊರೆತುದು 1983ರಲ್ಲಿ ವರದಿಯಾಯಿತು. ಅವು ಪಾಚಿಯಂಥ ಜೀವಿಯ ಗುರುತೆಂದು ಹಲವರ ಮತ.

ಗಣಿಯ ಕೆಲಸಗಾರ ಉಳಿಯೇಟಿನಿಂದ ಪದರಗಳನ್ನು ಹಾಳೆಯಂತೆ ಬಿಡಿಸುತ್ತಾನೆ. ಎಷ್ಟೋ ಕಲ್ಲು, ಯಾರ ಕಣ್ಣಿಗೂ ಬೀಳದೆ, ಸಿಮೆಂಟಿನ ಗೂಡು ಸೇರುತ್ತದೆ.