ತೋಟದ ಮನೆಯ ಕ್ಯಾಲೆಂಡರು

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಯಲ್ಲಿ ಬೆಟ್ಟಗೇರಿ, ಚೇರಂಬಾಣೆ ದಾಟುವಾಗ ಎರಡೂ ಬದಿಗೆ ಕಾಣುವುದು ಕಾಫಿ ತೋಟ, ಕಾಫಿಗೆ ನೆರಳು ಕೊಡುವ ಮರ, ಮರಕ್ಕೆ ಹಬ್ಬಿದ ಕರಿಮೆಣಸು. ಅವುಗಳ ನಡುನಡುವೆ ಹೋಂಸ್ಟೇ ಬೋರ್ಡುಗಳು. ಬೋರ್ಡಿನಲ್ಲಿ ಮನೆಯ ಹೆಸರು, ಒಂದು ಬಾಣದ ಗುರುತು, ಕೆಳಗೆ ಫೋನ್ ನಂಬರು. ಬಾಣ ತೋರಿಸಿದತ್ತ ಮಣ್ಣಿನ ದಾರಿಯಲ್ಲಿ ಇಳಿದರೆ ಹೆಂಚಿನ ಮನೆ, ಎದುರಿಗೆ ಕಾಫಿ ಒಣಗಿಸುವ ಕಣ, ಹೊಸಬರನ್ನು ಕಂಡು ಒಂದೇ ಸಮನೆ ಬೊಗಳುವ ನಾಯಿ. ಒಳಗೆ, ಊಟದ ಮೇಜಿನ ಪಕ್ಕದ ಗೋಡೆಯಲ್ಲಿ, ಬ್ಯಾಂಕಿನವರು ಕೊಟ್ಟ ದೊಡ್ಡ ಕ್ಯಾಲೆಂಡರು. ಬಂದ ಪ್ರವಾಸಿ ನೋಡುವುದು ಬೆಟ್ಟವನ್ನು, ಮಂಜನ್ನು. ಮನೆಯವರು ದಿನಕ್ಕೆ ಹತ್ತು ಸಲ ನೋಡುವುದು ಆ ಕ್ಯಾಲೆಂಡರನ್ನು.

ಅದರ ಲಿಪಿಯೇ ಬೇರೆ. ಫೋನಿನಲ್ಲಿ ವಿಚಾರಿಸಿ, "ಸರಿ ಆಂಟಿ, ಮನೆಯಲ್ಲಿ ಕೇಳಿ ಹೇಳ್ತೀವಿ" ಎಂದವರ ಹೆಸರು ಪೆನ್ಸಿಲಿನಲ್ಲಿ. ಮುಂಗಡ ಬಂದವರ ಹೆಸರು ಪೆನ್ನಿನಲ್ಲಿ. ಪೆನ್ಸಿಲಿನ ಹೆಸರಿಗೆ ಎರಡು ದಿನ ಆಯುಸ್ಸು, ಆಮೇಲೆ ರಬ್ಬರು. ಮಡಿಕೇರಿ ದಸರಾದ ದಶಮಂಟಪದ ರಾತ್ರಿ, ವರ್ಷದ ಕೊನೆಯ ವಾರ, ಶುಕ್ರವಾರವೋ ಸೋಮವಾರವೋ ಸರ್ಕಾರಿ ರಜೆ ಬಿದ್ದ ಮೂರು ದಿನದ ವಾರಾಂತ್ಯ, ಈ ಚೌಕಗಳಲ್ಲಿ ಪೆನ್ಸಿಲಿಗೆ ಜಾಗವೇ ಇಲ್ಲ. ಮೂರು ಕೋಣೆಯ ಮನೆಗೆ ಮೂವತ್ತು ಫೋನು ಬರುತ್ತದೆ. ಅದೇ ಮನೆಯಲ್ಲಿ ಜುಲೈ ತಿಂಗಳ ಮಂಗಳವಾರ ಫೋನೂ ಇಲ್ಲ, ಒಮ್ಮೊಮ್ಮೆ ಕರೆಂಟೂ ಇಲ್ಲ.

ಕೊಡಗಿನ ಮನೆಗಳಿಗೆ ಅತಿಥಿ ಹೊಸಬನಲ್ಲ, ಅತಿಥಿಯ ಹಣ ಹೊಸದು. ಬಂದವರಿಗೆ ಊಟ ಹಾಕಿ ಲೆಕ್ಕ ಕೊಡುವುದೆಂದರೆ ಹಿರಿಯರು ಮುಖ ಮುಚ್ಚಿಕೊಳ್ಳುತ್ತಿದ್ದ ನೆಲ ಇದು. ಆ ಸಂಕೋಚವನ್ನು ಮುರಿದುದರಲ್ಲಿ ಕಾಫಿಯ ಬೆಲೆಯದು ದೊಡ್ಡ ಪಾತ್ರ. ಕಾಫಿ ಮಂಡಳಿಯೇ ಬೆಳೆಯನ್ನೆಲ್ಲ ಕೊಳ್ಳುತ್ತಿದ್ದ ಪೂಲ್ ವ್ಯವಸ್ಥೆ ತೊಂಬತ್ತರ ದಶಕದಲ್ಲಿ ಕೊನೆಗೊಂಡಿತು. 2001ರ ಹೊತ್ತಿಗೆ ಪ್ರಪಂಚದ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ನೆಲ ಕಚ್ಚಿತು. ಮಕ್ಕಳು ಬೆಂಗಳೂರು ಸೇರಿ ಖಾಲಿಯಾಗಿದ್ದ ಕೋಣೆಗಳು ಆಗ ಆದಾಯದ ಮೂಲವಾಗಿ ಕಂಡವು. ಪೂಲ್ ಕಾಲದಲ್ಲಿ ಬೆಳೆಗಾರ ಮೊದಲು ಕಾಫಿ ಕೊಡುತ್ತಿದ್ದ, ಹಣ ಕಂತು ಕಂತಾಗಿ ಆಮೇಲೆ ಬರುತ್ತಿತ್ತು. ಹೋಂಸ್ಟೇಯಲ್ಲಿ ಎಲ್ಲ ತಿರುವುಮುರುವು. ಹಣ ಮೊದಲು ಬರುತ್ತದೆ, ಕೊಡಬೇಕಾದ್ದು ಆಮೇಲೆ. ಕಾದು ಪಡೆಯುವುದು ಗೊತ್ತಿದ್ದವರಿಗೆ ಪಡೆದು ಕಾಯುವ ವಿದ್ಯೆ ಅಷ್ಟು ಸುಲಭವಾಗಿ ಕೈಹತ್ತಲಿಲ್ಲ.

ನಮ್ಮ ಹಳೆಯ ಮಾತಿನಲ್ಲಿ ಇಂಥ ಮುಂಗಡಕ್ಕೆ ಸಂಚಕಾರ ಎಂಬ ಹೆಸರಿದೆ. ವ್ಯಾಪಾರ ಕುದುರಿತು ಎಂಬುದರ ಗುರುತಿಗೆ ಕೊಡುವ ಹಣ. ಅದೇ ಪದ ಇಂದು 'ಜೀವಕ್ಕೆ ಸಂಚಕಾರ' ಎಂದು ಅಪಾಯದ ಅರ್ಥದಲ್ಲಿ ಬಳಕೆಯಲ್ಲಿರುವುದನ್ನು ಹೋಂಸ್ಟೇಯವರು ಯಾರೂ ಅಲ್ಲಗಳೆಯಲಾರರು.

ಒಂದು ಲೆಕ್ಕ ನೋಡಿ. ಕೋಣೆಗೆ ದಿನಕ್ಕೆ 4,000 ರೂಪಾಯಿ ಎಂದಿಟ್ಟುಕೊಂಡರೆ ಮೂರು ಕೋಣೆ, ಎರಡು ರಾತ್ರಿಗೆ 24,000. ಅರ್ಧ ಮುಂಗಡ ಎಂದರೆ 12,000. ಬರುವವರು ಹದಿನೈದು ದಿನ ಮೊದಲೇ "ಬರಲಾಗುವುದಿಲ್ಲ" ಎಂದರೆ ಮನೆಗೆ ನಷ್ಟವೇನೂ ಇಲ್ಲ. ಆ ದಿನಕ್ಕೆ ಬೇರೆಯವರು ಸಿಕ್ಕಾರು. ವಾರ ಉಳಿದಿರುವಾಗ ಹೇಳಿದರೆ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಶುಕ್ರವಾರ ಸಂಜೆ ಹೇಳಿದರೆ? ಆಗಲೇ ಹಂದಿ ಮಾಂಸ ತಂದಾಗಿದೆ, ಕಡಂಬುಟ್ಟಿಗೆ ಅಕ್ಕಿ ತರಿ ಮಾಡಿಟ್ಟಾಗಿದೆ, ಕೆಲಸಕ್ಕೆ ಇಬ್ಬರನ್ನು ಕರೆದಾಗಿದೆ. ಅದಕ್ಕೇ ಹೆಚ್ಚಿನ ಮನೆಗಳಲ್ಲಿ ಏಣಿಯಂಥ ನಿಯಮ: ಇಷ್ಟು ದಿನ ಮೊದಲಾದರೆ ಪೂರ್ತಿ ವಾಪಸು, ಇಷ್ಟಾದರೆ ಅರ್ಧ, ಆಮೇಲೆ ಏನೂ ಇಲ್ಲ. ನಿಯಮ ಸರಿಯಾಗಿಯೇ ಇದೆ. ಅದನ್ನು ಹಣ ಬರುವ ಮೊದಲು ಬರಹದಲ್ಲಿ ಕಳಿಸಿರಬೇಕು, ಅಷ್ಟೆ. ಹಣ ಬಂದ ಮೇಲೆ ಹೇಳುವ ನಿಯಮ ಯಾರ ಕಿವಿಗೂ ನಿಯಮವಾಗಿ ಕೇಳಿಸುವುದಿಲ್ಲ, ಜಗಳವಾಗಿ ಕೇಳಿಸುತ್ತದೆ.

ಇಡೀ ಮನೆಯನ್ನೇ ಒಂದು ಗುಂಪಿಗೆ ಬಿಟ್ಟುಕೊಡುವವರು ಇನ್ನೊಂದು ಮೊತ್ತವನ್ನೂ ಕೇಳುತ್ತಾರೆ. ಅದು ಠೇವಣಿ. ಮುಂಗಡವೂ ಠೇವಣಿಯೂ ಒಂದೇ ಫೋನಿಗೆ, ಒಂದೇ ಖಾತೆಗೆ ಬಂದು ಬೀಳುವುದರಿಂದ ಎರಡೂ ಒಂದೇ ಎಂಬ ಭ್ರಮೆ ಮನೆಯವರಿಗೂ ಬರುತ್ತದೆ, ಬಂದವರಿಗೂ ಇರುತ್ತದೆ. ಮುಂಗಡ ಬಾಡಿಗೆಯ ಒಂದು ಭಾಗ. ಠೇವಣಿ ಬಂದವರದ್ದೇ ಹಣ, ಒಡೆದ ಗಾಜಿಗೆ, ಬೆಂಕಿಯ ಕಿಡಿ ಹಾರಿ ತೂತಾದ ಕಂಬಳಿಗೆ ಜಾಮೀನಾಗಿ ಇಟ್ಟದ್ದು. ಲೆಕ್ಕದ ಪುಸ್ತಕದಲ್ಲಿ ಇವೆರಡಕ್ಕೆ ಬೇರೆ ಬೇರೆ ಕಲಂ ಹಾಕಿದ ಮನೆಯಲ್ಲಿ ಭಾನುವಾರದ ಬೀಳ್ಕೊಡುಗೆ ಸುಸೂತ್ರ. ಹಾಕದ ಮನೆಯಲ್ಲಿ ಎರಡು ದಿನ ಅಂಕಲ್, ಆಂಟಿ ಎಂದು ಕರೆದವರು ಕಾರಿನ ಬಾಗಿಲು ಹಿಡಿದು ಹತ್ತು ನಿಮಿಷ ವಾದಿಸಿ ಹೊರಡುತ್ತಾರೆ. ಬಂದ ದಿನವೇ ಮನೆಯವರು, ಅತಿಥಿಗಳು ಒಟ್ಟಿಗೆ ಒಂದು ಸುತ್ತು ಹಾಕಿ ಇದ್ದ ಬಿರುಕನ್ನೂ ಕಲೆಯನ್ನೂ ಫೋಟೋ ತೆಗೆದಿಟ್ಟರೆ ವಾದಕ್ಕೆ ಎಡೆಯೇ ಇಲ್ಲ. ಇದನ್ನು ಮಾಡುವುದಕ್ಕೆ ಕೊಡಗಿನವರಿಗೆ ನಾಚಿಕೆ. ಮನೆಗೆ ಬಂದವರನ್ನು ಅನುಮಾನಿಸಿದ ಹಾಗಲ್ಲವೇ ಎನ್ನುತ್ತಾರೆ.

ಹಿಂದೆ ಮುಂಗಡ ಬರುತ್ತಿದ್ದುದು ಡಿ.ಡಿ. ರೂಪದಲ್ಲಿ, ಇಲ್ಲವೇ ಬ್ಯಾಂಕಿಗೆ ಕಟ್ಟಿದ ಚೀಟಿಯ ರೂಪದಲ್ಲಿ. 2016ರಲ್ಲಿ ಯುಪಿಐ ಬಂದ ಮೇಲೆ ಹಣ ಕ್ಷಣದಲ್ಲಿ ಬರುತ್ತದೆ. ಸಿಗ್ನಲ್ ಸಿಗುವ ಮೂಲೆಗೆ ಹೋಗಿ ನಿಂತರೆ ಬಂದದ್ದು ತಿಳಿಯುತ್ತದೆ. ಅದರ ಹಿಂದೆಯೇ ಮೋಸವೂ ಬಂತು. ಫೋನು ಮಾಡಿದವನು ತಾನು ಸೈನ್ಯದ ಅಧಿಕಾರಿ, ಹತ್ತು ಮಂದಿಗೆ ಕೋಣೆ ಬೇಕು ಎನ್ನುತ್ತಾನೆ. ಮನೆಗೊಬ್ಬರಂತೆ ಸೈನ್ಯಕ್ಕೆ ಹೋದ ಜಿಲ್ಲೆಯಲ್ಲಿ ಆ ಮಾತಿಗೆ ಬೆಲೆ ಹೆಚ್ಚು. ಮುಂಗಡ ಪಡೆಯಲು ಈ ಚೌಕಟ್ಟಿನ ಗುರುತನ್ನು ಸ್ಕ್ಯಾನ್ ಮಾಡಿ, ಗುಪ್ತಸಂಖ್ಯೆ ಒತ್ತಿ ಎನ್ನುತ್ತಾನೆ. ಒತ್ತಿದರೆ ಹಣ ಬರುವುದಿಲ್ಲ, ಹೋಗುತ್ತದೆ. ಹಣ ಪಡೆಯಲು ಗುಪ್ತಸಂಖ್ಯೆ ಎಂದೂ ಬೇಡ. ಅದು ಬೇಕಾಗುವುದು ಕೊಡುವುದಕ್ಕೆ ಮಾತ್ರ. ಇನ್ನೊಂದು ಬಗೆಯ ಮೋಸ ಪ್ರವಾಸಿಗೆ ಕಾದಿರುತ್ತದೆ. ಯಾರದೋ ಮನೆಯ ಚಿತ್ರ ತೋರಿಸಿ, ಇನ್ಯಾರೋ ಮುಂಗಡ ಪಡೆದು ನಂಬರು ಬದಲಾಯಿಸುತ್ತಾರೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಸರಿಯಾದ ಮನೆಯವರು ಅದಕ್ಕೆ ಬೇಸರಿಸುವುದಿಲ್ಲ.

ಇಷ್ಟೆಲ್ಲ ಮನುಷ್ಯರ ನಡುವಿನ ವ್ಯವಹಾರ. ಕೊಡಗಿನಲ್ಲಿ ಮೂರನೆಯವನೊಬ್ಬ ಇದ್ದಾನೆ, ಮಳೆರಾಯ. ಅವನ ಲೆಕ್ಕ ವಿಚಿತ್ರ. ಕುಶಾಲನಗರದಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರು ಏರಿ ಮಡಿಕೇರಿಗೆ ಬಂದರೆ ಮೂರು ಸಾವಿರಕ್ಕೂ ಹೆಚ್ಚು. ಇನ್ನೂ ಮುಂದೆ ಭಾಗಮಂಡಲದಲ್ಲಿ ಐದು ಸಾವಿರಕ್ಕೂ ಮಿಕ್ಕಿ. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟವನ್ನು ಏರುವಾಗ ತಣ್ಣಗಾಗಿ ನೀರನ್ನೆಲ್ಲ ಪಶ್ಚಿಮದ ಅಂಚಿಗೇ ಸುರಿದುಬಿಡುತ್ತದೆ. ಪೂರ್ವಕ್ಕೆ ಇಳಿಯುವ ಹೊತ್ತಿಗೆ ಅದರ ಜೋಳಿಗೆ ಬರಿದು. ಬೆಂಗಳೂರಿನಲ್ಲಿ ಕುಳಿತವರ ಫೋನಿನಲ್ಲಿ 'ಕೂರ್ಗ್' ಎಂಬ ಒಂದೇ ಹೆಸರಿನ ಎದುರು ಮೋಡದ ಒಂದೇ ಚಿತ್ರ ಕಾಣುತ್ತದೆ. "ಅಲ್ಲಿ ತುಂಬಾ ಮಳೆಯಂತಲ್ಲ ಅಂಕಲ್, ಮುಂಗಡ ವಾಪಸು ಕೊಡ್ತೀರಾ?" ಎಂಬ ಪ್ರಶ್ನೆ ಬಿಸಿಲು ಕಾಯುತ್ತಿರುವ ಕುಶಾಲನಗರದ ಮನೆಗೂ ಹೋಗುತ್ತದೆ.

2018ರ ಆಗಸ್ಟ್ ಈ ಪ್ರಶ್ನೆಯನ್ನು ನಿಜವಾಗಿ ಕೇಳಿತು. ಮಡಿಕೇರಿಯ ಸುತ್ತ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಬೆಟ್ಟಗಳು ಕುಸಿದವು. ಜನ ಸತ್ತರು, ಮನೆ ತೋಟ ಕೊಚ್ಚಿಹೋದವು, ಮಂಗಳೂರಿನ ರಸ್ತೆ ಕಡಿಯಿತು. ಪ್ರವಾಸಿಗರು ಬರಬಾರದೆಂದು ಜಿಲ್ಲಾಡಳಿತ ನಿರ್ಬಂಧ ಹೇರಿತು. ಕುಸಿದ ಬೆಟ್ಟಗಳಿಂದ ದೂರದ ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯ ಮನೆಗಳ ಕ್ಯಾಲೆಂಡರಿನಲ್ಲೂ ಪೆನ್ನಿನ ಹೆಸರುಗಳಿಗೆ ಅಡ್ಡಗೆರೆ ಬಿತ್ತು. ದಸರಾಕ್ಕೆಂದು ಬಂದಿದ್ದ ಮುಂಗಡವನ್ನು ಕೆಲವರು ಹೆಂಚು ಹೊದಿಸಲು, ಸ್ನಾನದ ಕೋಣೆ ಕಟ್ಟಿಸಲು ಆಗಲೇ ಖರ್ಚು ಮಾಡಿದ್ದರು. ತೋಟದಲ್ಲಿ ಕಾಫಿ ಉದುರುತ್ತಿದ್ದ ಹೊತ್ತಿನಲ್ಲಿ ಹಿಂದಿರುಗಿಸಬೇಕಾದ ಹಣ ಕೈಯಲ್ಲಿ ಇರಲಿಲ್ಲ.

ಕಾನೂನು ಏನು ಹೇಳುತ್ತದೆ? 1872ರ ಭಾರತೀಯ ಕರಾರು ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಯಾರ ತಪ್ಪೂ ಇಲ್ಲದೆ ಒಪ್ಪಿಕೊಂಡ ಕೆಲಸ ಅಸಾಧ್ಯವಾದರೆ ಕರಾರು ಬಿದ್ದುಹೋಗುತ್ತದೆ ಎನ್ನುತ್ತದೆ ಅದರ 56ನೆಯ ಕಲಂ. ಹಾಗೆ ಬಿದ್ದುಹೋದಾಗ ಪಡೆದದ್ದನ್ನು ಹಿಂದಿರುಗಿಸಬೇಕು ಎನ್ನುತ್ತದೆ 65ನೆಯದು. ಅದಕ್ಕೆ ಕಾಯಿದೆಯಲ್ಲೇ ಒಂದು ಉದಾಹರಣೆಯೂ ಇದೆ: ಕಚೇರಿಯಲ್ಲಿ ಹಾಡಲು ಸಾವಿರ ರೂಪಾಯಿ ಮುಂಗಡ ಪಡೆದ ಗಾಯಕ ಕಾಯಿಲೆ ಬಿದ್ದು ಹಾಡಲಾಗದಿದ್ದರೆ, ಏರ್ಪಡಿಸಿದವನಿಗೆ ತಪ್ಪಿದ ಲಾಭವನ್ನು ತುಂಬಿಕೊಡಬೇಕಾಗಿಲ್ಲ, ಆದರೆ ಆ ಸಾವಿರವನ್ನು ಹಿಂದಿರುಗಿಸಬೇಕು. (1872ರಲ್ಲಿ ಕಚೇರಿಯೊಂದಕ್ಕೆ ಸಾವಿರ ರೂಪಾಯಿ! ಗಾಯಕ ದೊಡ್ಡವನೇ ಇರಬೇಕು.) ಈ ಲೆಕ್ಕದಲ್ಲಿ ನಿರ್ಬಂಧ ಇದ್ದ ದಿನಗಳ ಮುಂಗಡ ಬಂದವರಿಗೇ ಸೇರಬೇಕಾದ್ದು. ನಿರ್ಬಂಧ ತೆರವಾದ ಮೇಲೂ ಹೆದರಿ ಬರದವರದು ಬೇರೆ ಮಾತು. ಅವರು ತಾವೇ ಬಿಟ್ಟುಕೊಟ್ಟವರು. ಅಲ್ಲಿಯೂ 74ನೆಯ ಕಲಂ ಮನೆಯವರ ಕೈ ಹಿಡಿದು ನಿಲ್ಲಿಸುತ್ತದೆ. ಕರಾರಿನಲ್ಲಿ ಎಷ್ಟೇ ಬರೆದುಕೊಂಡಿರಲಿ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ.

ಆಗ ಹೆಚ್ಚು ಉಳಿದುಕೊಂಡದ್ದು ಬುದ್ಧಿವಂತರಲ್ಲ, ಮುಂಗಡವನ್ನು ಮುಟ್ಟದೆ ಇಟ್ಟಿದ್ದವರು. ಅವರು ಕೇಳುವ ಮೊದಲೇ ಹಣ ಕಳಿಸಿಬಿಟ್ಟರು. ಕೈಯಲ್ಲಿಲ್ಲದವರು ಮುಂದಿನ ವರ್ಷ ಯಾವಾಗಲಾದರೂ ಬನ್ನಿ ಎಂದರು. ಒಪ್ಪಿದವರೂ ಉಂಟು, ಬೈದವರೂ ಉಂಟು. ಮುಂದಿನ ಎರಡು ವರ್ಷವೂ ಆಗಸ್ಟ್‌ನಲ್ಲಿ ಬೆಟ್ಟ ಕುಸಿದವು. ನಡುವೆ 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಏಪ್ರಿಲ್, ಮೇ ತಿಂಗಳ ಚೌಕಗಳನ್ನೆಲ್ಲ ಒಂದೇ ಏಟಿಗೆ ಒರೆಸಿತು. ಆ ಹೊತ್ತಿಗೆ ಹಲವು ಮನೆಗಳು ಪಾಠ ಕಲಿತಿದ್ದವು. ಮುಂಗಡಕ್ಕೆ ಪ್ರತ್ಯೇಕ ಉಳಿತಾಯ ಖಾತೆ. ಅತಿಥಿ ಬಂದು, ಉಂಡು, ಹಾಸಿಗೆಯಲ್ಲಿ ಮಲಗಿದ ಮೇಲೆ ಮಾತ್ರ ಅದರಿಂದ ಹಣ ಮನೆಯ ಖರ್ಚಿಗೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅರ್ಧದ ಬದಲು ಕಾಲು ಭಾಗ ಮುಂಗಡ ಕೇಳುವವರೂ ಇದ್ದಾರೆ. ಹಿಂದಿರುಗಿಸುವುದು ಕಡಿಮೆಯಿದ್ದರೆ ನಿದ್ದೆ ಹೆಚ್ಚು.

ಕ್ಯಾಲೆಂಡರಿನಲ್ಲಿ ಯಾರೂ ಮುಂಗಡ ಪಡೆಯಲಾಗದ ಕೆಲವು ದಿನಗಳಿವೆ. ಕಾಫಿ ಹೂವಿನ ದಿನಗಳು ಅವು. ಫೆಬ್ರುವರಿಯಿಂದ ಏಪ್ರಿಲ್ ನಡುವೆ ಯಾವಾಗಲೋ ಒಂದು ಹದವಾದ ಮಳೆ ಬೀಳುತ್ತದೆ. ಅಲ್ಲಿಯವರೆಗೆ ಮುಚ್ಚಿಕೊಂಡು ಕುಳಿತಿದ್ದ ಮೊಗ್ಗುಗಳು ನೀರು ಕುಡಿದು ಎಂಟು ಹತ್ತು ದಿನಕ್ಕೆ ಒಟ್ಟಿಗೆ ಅರಳುತ್ತವೆ. ಗಿಡದ ತುಂಬ ಮಲ್ಲಿಗೆಯಂಥ ಬಿಳುಪು, ಊರ ತುಂಬ ವಾಸನೆ, ಕಿವಿ ತುಂಬ ಜೇನುನೊಣದ ಸದ್ದು. ಎರಡು ಮೂರು ದಿನ, ಆಮೇಲೆ ಕಂದು. "ಹೂ ಬಿಡುವ ತಾರೀಕು ಹೇಳಿ, ಈಗಲೇ ದುಡ್ಡು ಹಾಕ್ತೀವಿ" ಎನ್ನುವವರು ಜನವರಿಯಿಂದಲೇ ಫೋನು ಮಾಡುತ್ತಾರೆ. ತಿಳಿದ ಮನೆಯವರು ಹಣ ಬೇಡವೆನ್ನುತ್ತಾರೆ. ನಂಬರನ್ನು ಮಾತ್ರ ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಮಳೆ ಬಿದ್ದ ಸಂಜೆ ಮಳೆಮಾಪಕದಲ್ಲಿ ಎಷ್ಟಾಯಿತೆಂದು ನೋಡಿ, ಸಾಕೆನಿಸಿದರೆ ಅಂಚಿನ ನಂಬರುಗಳಿಗೆ ಒಂದೊಂದಾಗಿ ಫೋನು ಹೋಗುತ್ತದೆ. ಮೊದಲು "ಬರ್ತೀವಿ" ಎಂದ ಮೂವರಿಗೆ ಮೂರು ಕೋಣೆ.