ಮುದ್ದೇಬಿಹಾಳದಿಂದ ಫಾರಿನ್ನಿಗೆ... ಫೋನ್ ಹಚ್ಚೋದು ಹ್ಯಾಂಗ?

ಹೊರದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಚಿತ್ರ ಯಾವುದು? ಚಿತ್ರರಸಿಕರಿಗೆ ಇದೇನು ಕಷ್ಟದ ಪ್ರಶ್ನೆಯಲ್ಲ. 1978ರ ‘ಸಿಂಗಾಪುರದಲ್ಲಿ ರಾಜಾಕುಳ್ಳ’! ವಿಷ್ಣುವರ್ಧನ್-ದ್ವಾರಕೀಶ್ ಜೋಡಿ ಸಿಂಗಾಪುರ ಸುತ್ತಿದ್ದನ್ನು ಬೆಂಚಿನ ಮೇಲೆ ಕೂತು ನೋಡಿದವರಿಗೆ ಫಾರಿನ್ ಎಂಬುದು ತೆರೆಯ ಮೇಲಿನ ಮಾತು, ಅಷ್ಟೆ. ಆಗ ಬೆಂಗಳೂರಿಗೆ ಮಾತಾಡಬೇಕೆಂದರೂ ಟ್ರಂಕ್‌ಕಾಲ್ ಬುಕ್ ಮಾಡಿ ಕಾಯಬೇಕು. ಅವಸರವಿದ್ದರೆ ‘ಅರ್ಜೆಂಟ್’, ಜೀವ ಹೋಗುವಷ್ಟು ಅವಸರವಿದ್ದರೆ ‘ಲೈಟ್ನಿಂಗ್’. ಅದಕ್ಕೆ ಎಂಟು ಪಟ್ಟು ದುಡ್ಡು!

ಈಗ ಮುದ್ದೇಬಿಹಾಳ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಊರಿಗೆ ರೈಲಿಲ್ಲ, ರೈಲು ಬೇಕೆಂದರೆ ಆಲಮಟ್ಟಿಗೆ ಹೋಗಬೇಕು. ಆದರೆ ಇಲ್ಲಿಂದ ಹೊರಟವರು ಮಕ್ಕಾ-ಮದೀನಾ ಮುಟ್ಟುತ್ತಾರೆ, ದುಬೈಯಲ್ಲಿ ದುಡಿಯುತ್ತಾರೆ, ಪಶುಪತಿನಾಥನ ದರ್ಶನಕ್ಕೆ ಕಠ್ಮಂಡುವಿಗೆ ಹೋಗುತ್ತಾರೆ. ಬೀಳ್ಕೊಡುವ ಮಾತು ಮಾತ್ರ ಎಲ್ಲರ ಮನೆಯಲ್ಲೂ ಒಂದೇ.

‘ಮುಟ್ಟಿದ ಕೂಡ್ಲೇ ಫೋನ್ ಹಚ್ಚಪಾ...’

‘ಹಚ್ತೀನಿ ಬಿಡಬೇ ಯವ್ವಾ!’

ಹಚ್ಚೋದೇನೋ ಸರಿ. ಬಿಲ್ಲು? ಬಿಲ್ಲಿಗೆ ಹೆದರಿ ಫೋನ್ ಬಂದ್ ಮಾಡಿಟ್ಟರೆ ಇತ್ತ ಅವ್ವನಿಗೆ ನಿದ್ದೆಯಿಲ್ಲ. ಹೆದರದೆ ಬಳಸಿದರೆ ಮಗನ ಜೇಬಿಗೆ ಕತ್ತರಿ. ಎರಡೂ ಬೇಡ ಎನ್ನುವವರು ಒಂದು ಮಾತು ಗಂಟು ಹಾಕಿಕೊಳ್ಳಿ: ಅಗ್ಗದ ದಾರಿಯನ್ನು ಹುಡುಕಬೇಕಾದ್ದು ವಿಮಾನ ಇಳಿದ ಮೇಲಲ್ಲ, ಮನೆಯಲ್ಲಿ ಚೀಲ ಕಟ್ಟುವಾಗಲೇ!

ನೇಪಾಳವೂ ಫಾರಿನ್ನೇ ಸ್ವಾಮಿ!

ಕಠ್ಮಂಡುವಿಗೆ ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಕಾರ್ಡ್ ಸಾಕು. ಹಾಗೆಂದು ಫೋನಿಗೂ ಗಡಿ ಇಲ್ಲ ಎಂದುಕೊಂಡಿರೋ, ಕೆಟ್ಟಿರಿ! ನಮ್ಮ ಸಿಮ್ಮಿಗೆ ನೇಪಾಳ ಪರದೇಶವೇ. ಊರಲ್ಲಿ ಹಾಕಿಸಿದ ರೀಚಾರ್ಜ್ ಅಲ್ಲಿ ನಡೆಯುವುದಿಲ್ಲ. ಗಡಿಯ ಹತ್ತಿರವಂತೂ ಭಾರತದ ನೆಲದಲ್ಲಿ ನಿಂತಿದ್ದರೂ ಫೋನು ಆಚೆಯ ಟವರ್ ಹಿಡಿದುಬಿಡಬಹುದು. ಗುರುತು ಹೇಳಲೇ? ನೇಪಾಳದ ಸಮಯ ನಮಗಿಂತ 15 ನಿಮಿಷ ಮುಂದೆ. ಫೋನಿನ ಗಡಿಯಾರ ಇದ್ದಕ್ಕಿದ್ದಂತೆ ಕಾಲು ಗಂಟೆ ಮುಂದೆ ಜಿಗಿದರೆ ಟವರ್ ಬದಲಾಯಿತೆಂದೇ ತಿಳಿಯಿರಿ. ಗಡಿ ಸಮೀಪಿಸುವ ಮೊದಲೇ ಸೆಟ್ಟಿಂಗಿನಲ್ಲಿ ‘ಡೇಟಾ ರೋಮಿಂಗ್’ ಆಫ್ ಮಾಡಿ. ನಾಲ್ಕಾರು ದಿನ ಇರುವವರು ನೇಪಾಳ ಟೆಲಿಕಾಂ ಅಥವಾ ಎನ್‌ಸೆಲ್ ಸಿಮ್ ಕೊಳ್ಳಬಹುದು. ಗುರುತಿನ ಚೀಟಿ, ಒಂದೆರಡು ಫೋಟೋ ಜೊತೆಯಲ್ಲಿರಲಿ.

ಮಕ್ಕಾ, ದುಬೈ ಕಡೆಗೆ...

ಹಜ್‌ಗೋ ಉಮ್ರಾಕ್ಕೋ ಹೋಗಿ ವಾರಗಟ್ಟಲೆ ಇರುವವರಿಗೆ ಅಲ್ಲಿಯ ಸಿಮ್ಮೇ ಲೇಸು. ಎಸ್‌ಟಿಸಿ, ಮೊಬೈಲಿ, ಝೈನ್ ಎಂಬ ಕಂಪನಿಗಳ ಸಿಮ್ ಪಾಸ್‌ಪೋರ್ಟ್ ತೋರಿಸಿದರೆ ಸಿಗುತ್ತದೆ. ಎರಡು-ಮೂರು ದಿನದ ಕೆಲಸಕ್ಕೆ ಹೋಗುವವರಾದರೆ ಇಲ್ಲಿಯ ಕಂಪನಿಯ ರೋಮಿಂಗ್ ಪ್ಯಾಕ್ ಸಾಕು. ಆದರೆ ಪ್ಯಾಕ್ ಹಾಕಿಸುವಾಗ ಮೂರು ಪ್ರಶ್ನೆ ಕೇಳಲು ಮರೆಯಬೇಡಿ. ಯಾವ ದೇಶಕ್ಕೆ? ಎಷ್ಟು ದಿನಕ್ಕೆ? ಬರುವ ಕರೆಗೂ ದುಡ್ಡುಂಟೋ? ಊರಲ್ಲಿ ಬಂದ ಕರೆ ಪುಕ್ಕಟೆ. ಪರದೇಶದಲ್ಲಿ ಪ್ಯಾಕ್ ಇಲ್ಲದೆ ‘ಹಲೋ’ ಅಂದರೂ ಮೀಟರ್ ಓಡುತ್ತದೆ!

ಹಾಗಾದರೆ ಊರಿನ ಸಿಮ್ ತೆಗೆದು ಬಿಸಾಕುವುದೇ? ಖಂಡಿತ ಬೇಡ. ಬ್ಯಾಂಕಿನ ಓಟಿಪಿ ಬರುವುದು ಆ ನಂಬರಿಗೇ. ಅದು ಸತ್ತರೆ ಖಾತೆಯಲ್ಲಿ ದುಡ್ಡಿದ್ದೂ ಕೈಗೆ ಬಾರದು. ಎರಡು ಸಿಮ್ಮಿನ ಫೋನಿದ್ದರೆ ಒಂದರಲ್ಲಿ ಊರಿನದು, ಇನ್ನೊಂದರಲ್ಲಿ ಅಲ್ಲಿಯದು. ಹೊಸ ಫೋನುಗಳಲ್ಲಿ ‘ಇ-ಸಿಮ್’ ಸೌಕರ್ಯವಿರುತ್ತದೆ. ಅದನ್ನು ಮನೆಯಲ್ಲೇ ಕೂತು ಕೊಂಡು ಸಿದ್ಧಮಾಡಿಕೊಳ್ಳಬಹುದು. ಊರಿನ ಸಿಮ್ಮಿಗೆ ಓಟಿಪಿ ಬರಲು ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಇರಬೇಕು. ಹೊರಡುವ ಮುಂಚೆ ಕಂಪನಿಯವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಡೇಟಾ ಮಾತ್ರ ಆಫ್!

ಸಿಮ್ ಬದಲಾದರೂ ವಾಟ್ಸಾಪ್ ಹಳೆಯ ನಂಬರಿನಲ್ಲೇ ನಡೆಯುತ್ತದೆ. ಫೋನು ‘ನಂಬರ್ ಬದಲಿಸಲೇ?’ ಎಂದು ಕೇಳಿದರೆ ಬೇಡ ಎನ್ನಿ. ಹೋಟೆಲಿನ ವೈಫೈ ಸಿಕ್ಕಾಗ ಮಾತಾಡಿದರೆ ಕಾಸು ಖರ್ಚಿಲ್ಲ. ಸ್ವಂತ ಡೇಟಾ ಸುಡುತ್ತಿದ್ದರೆ ಮುಖ ನೋಡುವ ಆಸೆ ಸ್ವಲ್ಪ ಹತೋಟಿಯಲ್ಲಿರಲಿ. ಬರೀ ಮಾತಿಗಿಂತ ವಿಡಿಯೋ ಹಲವು ಪಟ್ಟು ಡೇಟಾ ತಿನ್ನುತ್ತದೆ. ದುಬೈಗೆ ಹೋಗುವವರಿಗೆ ಇನ್ನೊಂದು ಎಚ್ಚರಿಕೆ: ಆ ದೇಶದಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆಗೆ ಬಹುಕಾಲದಿಂದ ನಿರ್ಬಂಧವಿದೆ. ಅಲ್ಲಿ ಬೋಟಿಮ್‌ನಂಥ ಪರವಾನಿಗೆಯ ಆ್ಯಪ್ ಬೇಕು. ಅದನ್ನು ಮನೆಯವರ ಫೋನಿಗೂ ಹಾಕಿಕೊಟ್ಟು ಹೋದರೆ ಜಾಣತನ.

ಅವ್ವನ ಕೈಯಲ್ಲಿ ಇನ್ನೂ ಗುಂಡಿ ಒತ್ತುವ ಫೋನೇ ಇದೆಯೆ? ಆಗ ಆ್ಯಪು ಗೀಪು ನಡೆಯದು. ಅಲ್ಲಿಯ ಸಿಮ್ ಕೊಳ್ಳುವಾಗ ‘ಇಂಡಿಯಾಕ್ಕೆ ಮಾತಾಡುವ ನಿಮಿಷಗಳಿರುವ ಪ್ಯಾಕ್’ ಎಂದೇ ಕೇಳಿ. ಮೊಬೈಲಿಗಾದರೆ ಪ್ಲಸ್ 91, ಆಮೇಲೆ ಹತ್ತು ಅಂಕಿ. ಮುದ್ದೇಬಿಹಾಳದ ಲ್ಯಾಂಡ್‌ಲೈನಿಗಾದರೆ 08356ರ ಸೊನ್ನೆ ಬಿಟ್ಟು ಪ್ಲಸ್ 91 8356, ನಂತರ ಮನೆಯ ನಂಬರು.

ಕೊನೆಗೊಂದು ಕಿವಿಮಾತು. ಹೊರಡುವ ಮುನ್ನ ಮನೆಯವರೊಂದಿಗೆ ಹೊತ್ತು ಗೊತ್ತು ಮಾಡಿಕೊಳ್ಳಿ. ಸೌದಿ ನಮಗಿಂತ ಎರಡೂವರೆ ತಾಸು ಹಿಂದೆ. ಅಲ್ಲಿ ಸಂಜೆ ಆರೂವರೆಗೆ ಫೋನ್ ಹಚ್ಚಿದರೆ ಇಲ್ಲಿ ರಾತ್ರಿ ಒಂಬತ್ತು, ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕೂತಿರುವ ಹೊತ್ತು. ಹೊತ್ತು ಗೊತ್ತಿದ್ದರೆ ಅವ್ವನೂ ಹಗಲೆಲ್ಲ ಫೋನ್ ಹಿಡಿದು ಕೂರುವುದಿಲ್ಲ.

ಹೋಗಿಬರ್ರಿ. ಮುಟ್ಟಿದ ಕೂಡ್ಲೇ ಫೋನ್ ಹಚ್ಚೋದು ಮಾತ್ರ ಮರೀಬ್ಯಾಡ್ರಿ!