ನಿಂತ ಕಾರಿಗೂ ಹಸಿವುಂಟು!

ಮನೆಗೆ ಕಾರು ಬಂದರೆ ಸಂಭ್ರಮ. ಆದರೆ ಸಣ್ಣ ಊರುಗಳಲ್ಲಿ ಅದಕ್ಕೆ ದಿನವೂ ಕೆಲಸ ಎಲ್ಲಿದೆ? ನಾವಿರುವುದು ಸಿಂಧನೂರಿನಲ್ಲಿ. ನಮ್ಮವರ ನೌಕರಿ ಲಿಂಗಸುಗೂರಿನಲ್ಲಿ, ಓಡಾಟವೆಲ್ಲ ಬಸ್ಸಿನಲ್ಲೇ. ಸಂತೆಗೆ, ಶಾಲೆಗೆ ಆಟೋ ಸಾಕು. ಅತ್ತೆಯವರಿಗೆ ಉಬ್ಬಸ, ಹೊತ್ತಲ್ಲದ ಹೊತ್ತಿನಲ್ಲಿ ಬೇಕಾದೀತೆಂದು ಕೊಂಡ ಕಾರು ವಾರಗಟ್ಟಲೆ ಅಂಗಳದಲ್ಲೇ ನಿಂತಿರುತ್ತಿತ್ತು.

ಹೋದ ವರ್ಷ ಬೇಸಿಗೆಯ ಒಂದು ನಡುರಾತ್ರಿ ಅದು ತಾನಾಗಿ ಕೂಗತೊಡಗಿತು. ಓಣಿಯೆಲ್ಲ ಎದ್ದು ಕೂತಿತು. "ಯಾಕವ್ವ, ಇದು ದೆವ್ವ ಬಡಿದಂಗ ಒದರಾಕ ಹತ್ತೇತಿ?" ಎಂದರು ಅತ್ತೆ. ಕಳ್ಳನೂ ಇಲ್ಲ, ಬೆಕ್ಕೂ ಇಲ್ಲ. ಎರಡು ರಾತ್ರಿ ಹೀಗೇ ಆಯಿತು. ಮೂರನೆಯ ದಿನ ಕೀಲಿಯ ಗುಂಡಿ ಒತ್ತಿದರೆ ಬಾಗಿಲೂ ತೆರೆಯಲಿಲ್ಲ. ಆ ರಾತ್ರಿ ಅತ್ತೆಗೆ ಉಸಿರು ಕಟ್ಟಿದ್ದರೆ ಎಂದು ನೆನೆದು ನನ್ನ ಎದೆ ನಡುಗಿತು.

ಮೆಕ್ಯಾನಿಕ್ ಹುಡುಗ ಬಂದು ಮೀಟರ್ ಹಿಡಿದ. "ಅಕ್ಕಾರ, ಅಲಾರಂ ಕೆಟ್ಟಿಲ್ರಿ, ಬ್ಯಾಟರಿ ಹಸಿದೈತಿ" ಎಂದ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದರೆ ಬರಿದಾದಂತೆಯೇ. ಕಾರು ನಿಂತಿದ್ದರೂ ಗಡಿಯಾರ, ಅಲಾರಂ, ಬೀಗ ಎಲ್ಲವೂ ಹಗಲಿರುಳು ಚೂರು ಚೂರು ಕರೆಂಟು ಕುಡಿಯುತ್ತಲೇ ಇರುತ್ತವೆ. ನಮ್ಮ ಕಡೆಯ ಬಿಸಿಲಿಗೆ ಬ್ಯಾಟರಿ ಇನ್ನೂ ಬೇಗ ಸೊರಗುತ್ತದೆ. ವೋಲ್ಟು ಇಳಿದಾಗ, ಯಾರೋ ವೈರು ಕಿತ್ತರೆಂದು ತಿಳಿದು ಕೆಲವು ಅಲಾರಂಗಳು ಕೂಗಿಕೊಳ್ಳುತ್ತವೆ. ಬರಿದಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಸೀಸದ ಹಲಗೆಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತು, ಮತ್ತೆ ಚಾರ್ಜ್ ಹಿಡಿಯುವುದಿಲ್ಲ.

ಅಂದಿನಿಂದ ಕಾರಿನ ಆರೈಕೆ ನನ್ನದೇ. ನಿಮಗೂ ಅನುಕೂಲವಾದೀತೆಂದು ಹೇಳುತ್ತೇನೆ, ನೋಡ್ರಿ:

ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಕಾರು ರಸ್ತೆಯಲ್ಲಿ ಓಡಬೇಕು. ಅಂಗಳದಲ್ಲೇ ಐದು ನಿಮಿಷ ಇಂಜಿನ್ ಗುರುಗುಟ್ಟಿಸಿದರೆ ಬ್ಯಾಟರಿಯ ಹೊಟ್ಟೆ ತುಂಬುವುದಿಲ್ಲ. ನನ್ನ ತವರು ಮಸ್ಕಿ. ಭಾನುವಾರ ಅಲ್ಲಿಗೆ ಹೋಗಿ ಬಂದರೆ ಬ್ಯಾಟರಿಗೂ ಊಟ, ನನಗೂ ಅವ್ವನ ಕೈಯ ರೊಟ್ಟಿ!

ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ಬ್ಯಾಟರಿಯ ಕಪ್ಪು ವೈರನ್ನು, ಅಂದರೆ ಮೈನಸ್ ಕಡೆಯದನ್ನು, ಪಾನಾದಿಂದ ಬಿಚ್ಚಿಡಿಸಿ. ಬಿಚ್ಚುವಾಗ ಅದೇ ಮೊದಲು, ಜೋಡಿಸುವಾಗ ಅದೇ ಕೊನೆ. ಕೀಲಿ ನಿಮ್ಮ ಕೈಯಲ್ಲೇ ಇರಲಿ. ಬಾಗಿಲು ತಾನಾಗಿ ಬೀಗ ಹಾಕಿಕೊಂಡೀತು. ಬ್ಯಾಟರಿಯ ಹತ್ತಿರ ಬೆಂಕಿಕಡ್ಡಿ, ಊದುಬತ್ತಿ ಬೇಡವೇ ಬೇಡ. ಅದರಿಂದ ಹೊರಡುವ ಹೈಡ್ರೋಜನ್ ಅನಿಲ ಹತ್ತಿಕೊಳ್ಳುವಂಥದು.

ವೈರು ಕೂರುವ ಜಾಗದಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ವೈರು ಬಿಚ್ಚಿಸಿ, ಕೈಗವಸು ಹಾಕಿಕೊಂಡು, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ, ಒಣಗಿಸಿ, ಚೂರು ವ್ಯಾಸಲೀನ್ ಸವರಿ.

ಅಲಾರಂ ಆಗಾಗ ಕೂಗಿದರೆ ಡಿಕ್ಕಿ, ಬಾಗಿಲು, ಬಾನೆಟ್ ಸರಿಯಾಗಿ ಮುಚ್ಚಿವೆಯೇ ನೋಡಿ. ಬಾನೆಟ್ಟಿನ ಸ್ವಿಚ್ಚಿನಲ್ಲಿ ಧೂಳು ಕೂತರೂ ಕೂಗುತ್ತದೆ. ರಿಮೋಟ್ ಮಾತ್ರ ಕೆಲಸ ಮಾಡದಿದ್ದರೆ ಒಳಗಿನ ಬಿಲ್ಲೆಯಂಥ ಸಣ್ಣ ಸೆಲ್ ಬದಲಿಸಿ. ಎಷ್ಟೋ ರಿಮೋಟ್‌ಗಳ ಹೊಟ್ಟೆಯಲ್ಲೇ ಕಬ್ಬಿಣದ ಕೀಲಿಯೂ ಅಡಗಿರುತ್ತದೆ.

ಬ್ಯಾಟರಿಗೆ ನಾಲ್ಕೈದು ವರ್ಷ ತುಂಬಿದ್ದರೆ ಎಷ್ಟು ಉಪಚರಿಸಿದರೂ ಅಷ್ಟೇ. ಹೊಸದು ಹಾಕಿಸುವುದೇ ಜಾಣತನ.

ಈ ಮಳೆಗಾಲದಲ್ಲಿ ಅತ್ತೆಗೆ ರಾತ್ರಿ ಎರಡಕ್ಕೆ ಉಬ್ಬಸ ಏರಿತು. ಕೀಲಿ ತಿರುಗಿಸಿದ ಕೂಡಲೇ ಕಾರು ಹೊರಟಿತು, ಹತ್ತು ನಿಮಿಷದಲ್ಲಿ ದವಾಖಾನೆ ಸೇರಿದೆವು. ಗಂಡಸರು ಊರಲ್ಲಿಲ್ಲದಾಗಲೂ ಮನೆಯಲ್ಲಿರುವವರು ನಾವು ತಾನೇ? ಗ್ಯಾಸಿನ ಸಿಲಿಂಡರ್ ಎಷ್ಟು ಉಳಿದಿದೆಯೆಂದು ಎತ್ತಿ ನೋಡುವ ಕೈಗೆ ಇದೇನೂ ದೊಡ್ಡ ವಿದ್ಯೆಯಲ್ಲ.